ತುಪ್ಪದ ಅನುಪಾನ

ನಮ್ಮ ಅತ್ತೆಗೆ ಪಥ್ಯವಿಲ್ಲದ ಔಷಧಿಯ ಮೇಲೆ ನಂಬಿಕೆ ಇರಲಿಲ್ಲ. ಡಾಕ್ಟರು ಮಾತ್ರೆ ಬರೆದುಕೊಟ್ಟು ಏನು ಬೇಕಾದರೂ ತಿನ್ನಿ ಎಂದರೆ, ಆ ಡಾಕ್ಟರಿಗೆ ಓದು ಸಾಲದು ಎಂದೇ ಅವರ ತೀರ್ಮಾನ. ಅವರ ತವರು ಸಿದ್ದಾಪುರದ ಕಡೆ ತ್ಯಾಗಲಿ. ಅಲ್ಲಿ ಬೇರು ತೇಯ್ದು ಕೊಡುವ ವೈದ್ಯರೊಬ್ಬರಿದ್ದರಂತೆ. ಔಷಧಿ ಕೊಡುವುದಕ್ಕೆ ಅವರಿಗೆ ಒಂದು ಗಳಿಗೆ ಸಾಕಿತ್ತು, ಏನೇನು ತಿನ್ನಬಾರದು ಎಂದು ಹೇಳುವುದಕ್ಕೆ ಅರ್ಧ ತಾಸು ಬೇಕಿತ್ತು. ಎಣ್ಣೆ ಇಲ್ಲ, ತುಪ್ಪ ಇಲ್ಲ, ಹುಳಿ ಇಲ್ಲ, ಬದನೆಕಾಯಿಯ ಹೆಸರೂ ಎತ್ತುವಂತಿಲ್ಲ. ರೋಗ ಗುಣವಾದರೆ ಔಷಧಿಯಿಂದ, ಗುಣವಾಗದಿದ್ದರೆ ಪಥ್ಯ ತಪ್ಪಿದ್ದರಿಂದ. ಹೀಗಾಗಿ ಆ ವೈದ್ಯರಿಗೆ ಕೆಟ್ಟ ಹೆಸರು ಬರುವ ಸಂದರ್ಭವೇ ಇರಲಿಲ್ಲ.

ತೊಂಬತ್ತರ ದಶಕದ ಮೊದಲಲ್ಲಿ ನಾನು ಶಿರಸಿ ಪೇಟೆಯ ಆ ಮನೆಗೆ ಸೊಸೆಯಾಗಿ ಬಂದೆ. ನನ್ನದು ಯಲ್ಲಾಪುರ ತಾಲ್ಲೂಕಿನ ಇಡಗುಂದಿ. ಪ್ರಾಣಿಶಾಸ್ತ್ರ ಓದಿ, ಬಿ.ಎಡ್. ಮುಗಿಸಿ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಪ್ರಾಣಿಶಾಸ್ತ್ರವೆಂದರೆ ಹುಲಿ, ಆನೆ ಎಂದು ಅತ್ತೆ ಅಂದುಕೊಂಡಿದ್ದರು. ಒಂದು ಭಾನುವಾರ ನಾನು ಪಾಠಕ್ಕೆಂದು ದೊಡ್ಡ ಹಾಳೆಯ ಮೇಲೆ ಲಾಡಿಹುಳದ ಚಿತ್ರ ಬರೆಯುತ್ತಿದ್ದೆ. ಲಂಗದ ಲಾಡಿಯಂತೆ ಚಪ್ಪಟೆಯಾಗಿ, ಉದ್ದಕ್ಕೆ, ಗಂಟುಗಂಟಾಗಿ ಇರುವ ಹುಳ ಅದು. ಅತ್ತೆ ಬಂದು ಹಿಂದೆ ನಿಂತು ನೋಡಿದರು. ಅವತ್ತಿನಿಂದ ಮನೆಗೆ ಬಂದ ನೆಂಟರಿಗೆಲ್ಲ ನನ್ನ ಪರಿಚಯ ಬದಲಾಯಿತು. "ನಮ್ಮನೆ ಸೊಸೆ ಹುಳದ ಬಗ್ಗೆ ಓದಿದ್ದು" ಎನ್ನುತ್ತಿದ್ದರು. ಹೇಳುವ ರೀತಿಯಲ್ಲಿ ಹೆಮ್ಮೆ ಎಷ್ಟಿತ್ತು, ಮರುಕ ಎಷ್ಟಿತ್ತು ಎಂಬುದು ನನಗೆ ಇವತ್ತಿಗೂ ತಿಳಿದಿಲ್ಲ.

ಹುಳದ ವಿಷಯದಲ್ಲಿ ನನಗೆ ಓದಿಗಿಂತ ಮೊದಲು ಅನುಭವವೇ ಆಗಿತ್ತು. ಇಡಗುಂದಿಯಲ್ಲಿ ಮಣ್ಣಲ್ಲಿ ಆಡುತ್ತಿದ್ದ ನಮಗೆಲ್ಲ ವರ್ಷಕ್ಕೊಮ್ಮೆ ಗುಲಾಬಿ ಬಣ್ಣದ ಸಿರಪ್ಪು ಕುಡಿಸುತ್ತಿದ್ದರು. ಅದು ಜಂತುಹುಳವನ್ನು ಕೊಲ್ಲುವುದಿಲ್ಲ, ಅದರ ಸ್ನಾಯುಗಳನ್ನು ಸಡಿಲ ಮಾಡುತ್ತದೆ ಎಂದು ನಾನು ಕಾಲೇಜಿಗೆ ಹೋದ ಮೇಲೆ ಓದಿದೆ. ಕರುಳಿನಲ್ಲಿ ಹುಳ ಸುಮ್ಮನೆ ಮಲಗಿರುವುದಿಲ್ಲ, ಹರಿವಿಗೆ ಎದುರಾಗಿ ಸದಾ ಈಜುತ್ತಿರುತ್ತದೆ. ಮೈ ಸೋತ ಕೂಡಲೇ ತೇಲಿ ಹೊರಗೆ ಹೋಗುತ್ತದೆ. ಮಾರನೆಯ ದಿನ ನಮಗೆ ಕಂಡದ್ದು ಸತ್ತ ಹುಳವಲ್ಲ, ನಿತ್ರಾಣವಾದ ಹುಳ. ಇದನ್ನು ಊಟದ ಹೊತ್ತಿನಲ್ಲಿ ಅತ್ತೆಗೆ ವಿವರಿಸಲು ಹೋಗಿ ಒಮ್ಮೆ ಬೈಸಿಕೊಂಡಿದ್ದೇನೆ.

ಅತ್ತೆಯ ಹೆಸರು ಊರಲ್ಲಿ ಕೇಳಿಬರುತ್ತಿದ್ದುದು ತೊಡದೇವು ಎಂಬ ಸಿಹಿತಿಂಡಿಯಿಂದ. ಗಡಿಗೆಯನ್ನು ಬೆಂಕಿಯ ಮೇಲೆ ಬೋರಲು ಹಾಕಿ, ಕಬ್ಬಿನ ಹಾಲಿನಲ್ಲಿ ರುಬ್ಬಿದ ತೆಳು ಅಕ್ಕಿಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಅದರ ಬೆನ್ನ ಮೇಲೆ ಒಂದೇ ಎಳೆತಕ್ಕೆ ಸವರಬೇಕು. ಕಣ್ಣು ಮುಚ್ಚಿ ತೆರೆಯುವುದರೊಳಗೆ ಅದು ಕಾಗದದ ಹಾಳೆಯಂತೆ ಏಳುತ್ತದೆ. ಆಗಲೇ ಮಡಚಬೇಕು. ತಡವಾದರೆ ಪುಡಿ, ಅವಸರವಾದರೆ ಮುದ್ದೆ. ಚಳಿಗಾಲದಲ್ಲಿ ಹುಲಗೋಳದಲ್ಲಿರುವ ಮಾವನ ತಮ್ಮ, ಅಂದರೆ ನಮ್ಮ ಚಿಕ್ಕಮಾವ, ತಮ್ಮ ಆಲೆಮನೆಯಿಂದ ಕ್ಯಾನಿನಲ್ಲಿ ಕಬ್ಬಿನ ಹಾಲು ತರುತ್ತಿದ್ದರು. ಹಿತ್ತಲಲ್ಲಿ ಬೆಂಕಿ ಹೊತ್ತುತ್ತಿತ್ತು. ಕೋಲನ್ನು ಅತ್ತೆ ಯಾರ ಕೈಗೂ ಕೊಡುತ್ತಿರಲಿಲ್ಲ. ನನಗೆ ದಕ್ಕಿದ ಕೆಲಸ ಡಬ್ಬಿಗೆ ತುಂಬುವುದು ಮತ್ತು ಮುರಿದದ್ದನ್ನು ತಿನ್ನುವುದು. ಎರಡನೆಯದನ್ನು ನಾನು ಚೆನ್ನಾಗಿ ಮಾಡುತ್ತಿದ್ದೆ.

ಅಂಥದೊಂದು ದಿನ ಹಿತ್ತಲಲ್ಲಿ ಕೋಲು ಗಡಿಗೆಯ ಮೇಲೆ ಅರ್ಧಕ್ಕೆ ನಿಂತಿತು. ಅತ್ತೆಯ ಮುಖ ಒಂದು ಪಕ್ಕಕ್ಕೆ ತಿರುಗಿತು, ಬಲಗೈ ಅದರಷ್ಟಕ್ಕೆ ಜಗ್ಗತೊಡಗಿತು, ನೋಡನೋಡುತ್ತ ಅವರು ಗಡಿಗೆಯ ಮೇಲೇ ಬಿದ್ದರು. ನನ್ನ ಗಂಡ ಓಡಿಬಂದು ಎಳೆದುಕೊಂಡದ್ದರಿಂದ ಸುಟ್ಟದ್ದು ಮುಂಗೈ ಮಾತ್ರ. ಗಡಿಗೆ ಒಡೆದುಹೋಯಿತು. ಎಚ್ಚರವಾದಾಗ ಅತ್ತೆ ಮೊದಲು ಕೇಳಿದ್ದು ಹಿಟ್ಟು ಹುಳಿ ಬಂದುಹೋಗುತ್ತದಲ್ಲ ಎಂದು.

ಶಿರಸಿಯ ಡಾಕ್ಟರು ಫಿಟ್ಸ್ ಎಂದರು, ಹುಬ್ಬಳ್ಳಿಗೆ ಹೋಗಿ ತಲೆಯ ಸ್ಕ್ಯಾನ್ ಮಾಡಿಸಿ ಎಂದರು. ಅಲ್ಲಿಯವರೆಗೆ ಬೆಂಕಿಯ ಹತ್ತಿರ, ಬಾವಿಯ ಹತ್ತಿರ ಬಿಡಬೇಡಿ ಎಂದೂ ಹೇಳಿದರು. ನಲವತ್ತು ವರ್ಷ ಒಲೆಯ ಮುಂದೆ ಕಳೆದವರನ್ನು ಒಂದೇ ದಿನದಲ್ಲಿ ಜಗುಲಿಗೆ ಕಳಿಸಿದೆವು. ಗ್ಯಾಸ್ ಒಲೆಯನ್ನೂ ಮುಟ್ಟುವಂತಿರಲಿಲ್ಲ. ಅಡಿಗೆ ನನ್ನ ಪಾಲಿಗೆ ಬಂತು. ನನ್ನ ಸಾರು ಉಂಡು ಅತ್ತೆ ಏನೂ ಅನ್ನಲಿಲ್ಲ. ಅವರು ಏನೂ ಅನ್ನದೆ ಇದ್ದದ್ದೇ ನನಗೆ ಭಯ ಹುಟ್ಟಿಸಿದ್ದು.

ಹುಬ್ಬಳ್ಳಿಯ ಡಾಕ್ಟರು ದೊಡ್ಡ ಮೈಯವರು, ದೊಡ್ಡ ದನಿಯವರು. ಅತ್ತೆಯನ್ನು ಹೊರಗಿನ ಬೆಂಚಿನಲ್ಲಿ ಕೂರಿಸಿ ನನ್ನನ್ನೂ ನನ್ನ ಗಂಡನನ್ನೂ ಒಳಗೆ ಕರೆದರು. ಫಿಲ್ಮನ್ನು ಬೆಳಕಿಗೆ ಹಿಡಿದು ತೋರಿಸಿದರು. ಮಿದುಳಿನ ಒಂದು ಬದಿಯಲ್ಲಿ ಸಣ್ಣ ಉಂಗುರ, ಅದರೊಳಗೊಂದು ಚುಕ್ಕೆ. ಆ ಉಂಗುರ, ಆ ಚುಕ್ಕೆ ನಾನು ಬೋರ್ಡಿನ ಮೇಲೆ ಎಷ್ಟೋ ಸಲ ಬರೆದದ್ದೇ. ಚುಕ್ಕೆ ಹುಳದ ತಲೆ.

"ಇದು ಹಂದಿ ಲಾಡಿಹುಳದ ಮರಿ ನೋಡ್ರಿ. ಒಂದಽ ಐತಿ, ಹೆದರೂ ಅಂಥಾದ್ದೇನಿಲ್ಲ" ಎಂದರು ಡಾಕ್ಟರು.

ನನ್ನ ಗಂಡ ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಲೆಕ್ಕ ತಪ್ಪಿದರೆ ಒಪ್ಪುವವರಲ್ಲ. "ಸಾಧ್ಯವೇ ಇಲ್ಲ ಸಾರ್, ನಮ್ಮ ಮನೇಲಿ ಈರುಳ್ಳಿ ಸಹ ಹಬ್ಬದ ದಿನ ತರುವುದಿಲ್ಲ" ಎಂದರು.

"ಹುಳಕ್ಕ ಅದೆಲ್ಲಾ ಗೊತ್ತಾಗಂಗಿಲ್ರಿ" ಎಂದರು ಡಾಕ್ಟರು.

ಹೊರಗೆ ಬಂದ ಮೇಲೆ ನಾನು ಗಂಡನಿಗೆ ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಪಾಠ ಮಾಡಬೇಕಾಯಿತು. ಸರಿಯಾಗಿ ಬೇಯಿಸದ ಹಂದಿಮಾಂಸ ತಿಂದವನ ಕರುಳಿನಲ್ಲಿ ಈ ಹುಳ ಉದ್ದಕ್ಕೆ ಬೆಳೆಯುತ್ತದೆ, ಅವನ ಮಲದಲ್ಲಿ ಅದರ ಮೊಟ್ಟೆಗಳು ಹೊರಬೀಳುತ್ತವೆ. ಅವನು ಬಯಲಿಗೆ ಹೋದರೆ ಆ ಮೊಟ್ಟೆ ಮಣ್ಣಿಗೆ, ನೀರಿಗೆ, ಅಲ್ಲಿಂದ ಸೊಪ್ಪಿಗೆ. ಹಸಿ ಸೊಪ್ಪನ್ನು ಸರಿಯಾಗಿ ತೊಳೆಯದೆ ತಿಂದವರ ಹೊಟ್ಟೆಯಲ್ಲಿ ಮೊಟ್ಟೆ ಒಡೆದು, ಮರಿ ರಕ್ತದ ಜೊತೆ ಸಾಗಿ, ಎಲ್ಲಾದರೂ ಒಂದು ಕಡೆ ಗೂಡು ಮಾಡಿಕೊಂಡು ಕೂರುತ್ತದೆ. ನಮ್ಮಲ್ಲಿ ಸೊಪ್ಪನ್ನು ತೊಳೆಯುವುದಿಲ್ಲವೆಂದಲ್ಲ. ಆದರೆ ಅತ್ತೆಯ ಮಡಿಯ ದಿನಗಳಲ್ಲಿ ಸಂತೆಯಿಂದ ಬಂದ ಕೊತ್ತಂಬರಿ ಸೊಪ್ಪಿಗೆ ತುಳಸಿ ಎಲೆಯಿಂದ ನೀರು ಪ್ರೋಕ್ಷಣೆ ಮಾಡಿದರೆ ಅದು ಶುದ್ಧ. ಪೇಟೆಯ ಮೈಲಿಗೆ ಹೋಗುತ್ತಿತ್ತು, ಮೊಟ್ಟೆ ಇದ್ದಲ್ಲೇ ಇರುತ್ತಿತ್ತು. ಆಮೇಲೆ ಅದು ಹಸಿಯಾಗಿಯೇ ಕೋಸಂಬರಿಗೆ ಬೀಳುತ್ತಿತ್ತು. ಆ ಸೊಪ್ಪಿನದೇ ಇರಬೇಕು ಎಂಬುದು ನನ್ನ ಊಹೆ, ಬೇರೆ ದಾರಿ ನನಗೆ ಹೊಳೆಯಲಿಲ್ಲ.

ಮನೆಗೆ ಬಂದು ಮಾವನ ಜೊತೆ ಕೂತು ಒಂದು ತೀರ್ಮಾನ ಮಾಡಿದೆವು. ಅತ್ತೆಗೆ ಎಲ್ಲವನ್ನೂ ಹೇಳುವುದು, ಒಂದು ಶಬ್ದ ಬಿಟ್ಟು. ತಲೆಯಲ್ಲಿ ಹುಳದ ಮರಿಯಿದೆ, ಸೊಪ್ಪಿನಿಂದ ಬಂದದ್ದು, ಮಾತ್ರೆಗೆ ಹೋಗುತ್ತದೆ. ಹಂದಿಯ ಸುದ್ದಿ ಮಾತ್ರ ಎತ್ತುವಂತಿಲ್ಲ. ಕಾಗೆ ಮುಟ್ಟಿದರೆ ಸ್ನಾನ ಮಾಡುವವರಿಗೆ ಅದನ್ನು ಹೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಹೀಗೆ ಆ ಹುಳ ನಮ್ಮ ಮನೆಯಲ್ಲಿ ಸೊಪ್ಪಿನ ಹುಳವಾಯಿತು, ಶುದ್ಧ ಸಸ್ಯಾಹಾರಿ.

ತೀರ್ಮಾನ ಮಾಡುವುದು ಸುಲಭ. ನಮ್ಮ ಕಡೆ ಆ ಪ್ರಾಣಿಯ ಹೆಸರೆತ್ತದೆ ಒಂದು ದಿನ ಕಳೆಯುವುದು ಎಷ್ಟು ಕಷ್ಟ ಎಂದು ಆಮೇಲೆ ತಿಳಿಯಿತು. ಗದ್ದೆ ಇರುವವರು ಯಾರೇ ಬರಲಿ, ಚಹ ಮುಗಿಯುವುದರೊಳಗೆ ಕಾಡುಹಂದಿಯ ಕಾಟದ ಸುದ್ದಿ ಬಂದೇ ಬರುತ್ತದೆ. ಚಿಕ್ಕಮಾವನಿಗಂತೂ ಬೇರೆ ವಿಷಯವೇ ಇಲ್ಲ. ಅವರು ಬಾಯಿ ತೆರೆದ ಕೂಡಲೇ ಮಾವ ಕೆಮ್ಮಲು ಶುರುಮಾಡುತ್ತಿದ್ದರು. ಮಾವನಿಗೆ ಕ್ಷಯ ಇರಬಹುದೇ ಎಂದು ಅಕ್ಕಪಕ್ಕದವರು ನನ್ನನ್ನು ಗುಟ್ಟಾಗಿ ಕೇಳಿದ್ದೂ ಇದೆ. ಕೊನೆಗೆ ಚಿಕ್ಕಮಾವನಿಗೂ ಗುಟ್ಟು ಹೇಳಿದೆವು. ಆಮೇಲೊಮ್ಮೆ ಅವರು, "ಮೊನ್ನೆ ಕಬ್ಬಿನ ಗದ್ದೆಗೆ ಅವು ಬಂದು ಪೂರಾ ಹಾಳು ಮಾಡಿ ಹೋದ" ಎಂದರು.

"ಯಾವವು?" ಎಂದರು ಅತ್ತೆ ಜಗುಲಿಯಲ್ಲಿ ಅವರೆಕಾಯಿ ಬಿಡಿಸುತ್ತ.

ಚಿಕ್ಕಮಾವ ಅಣ್ಣನ ಮುಖ ನೋಡಿದರು. ಅಣ್ಣ ಛಾವಣಿ ನೋಡುತ್ತಿದ್ದರು. "ದನ" ಎಂದರು ಚಿಕ್ಕಮಾವ. ಆ ವರ್ಷ ಹುಲಗೋಳದಲ್ಲಿ ಕಬ್ಬನ್ನೆಲ್ಲ ದನಗಳೇ ತಿಂದವು.

ಮಾತ್ರೆ ಶುರುವಾಯಿತು. ಫಿಟ್ಸಿನದೊಂದು, ಬಾವು ಇಳಿಸುವುದೊಂದು, ಹುಳದ್ದೊಂದು. ಹುಳದ ಮಾತ್ರೆಯ ಹೆಸರು ಆಲ್ಬೆಂಡಜೋಲ್. ಅತ್ತೆ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ತಿರುಗಿಸಿ ನೋಡಿದರು.

"ಹೊಟ್ಟೆಗೆ ಹಾಕಿದ್ದು ತಲೆಯಲ್ಲಿದ್ದ ಹುಳನ ಹ್ಯಾಂಗೆ ಕೊಲ್ತು ತಂಗಿ? ವಿಷವನ?" ಎಂದು ಕೇಳಿದರು.

ಹುಳದ ಬಗ್ಗೆ ಓದಿದ ಸೊಸೆಗೆ ಕೊನೆಗೂ ಒಂದು ಅವಕಾಶ ಸಿಕ್ಕಿತ್ತು. ಹುಳದ ಮರಿಗೆ ಬಾಯಿಲ್ಲ ಎಂದೆ. ಸುತ್ತಲಿನ ಸಕ್ಕರೆಯನ್ನು ಅದು ಮೈಯಿಂದಲೇ ಹೀರುತ್ತದೆ. ಹೀರಿದ್ದನ್ನು ಒಳಗೆ ಸಾಗಿಸುವುದಕ್ಕೆ ಅದರ ಕಣಕಣದಲ್ಲೂ ಕಣ್ಣಿಗೆ ಕಾಣದಷ್ಟು ಸಪೂರದ ಕೊಳವೆಗಳಿವೆ. ಕೊಳವೆಗಳು ಒಂದು ಕಡೆ ಬಿಚ್ಚಿಕೊಳ್ಳುತ್ತ, ಇನ್ನೊಂದು ಕಡೆ ಕಟ್ಟಿಕೊಳ್ಳುತ್ತ ಇರಬೇಕು. ಈ ಔಷಧಿ ಹೋಗಿ ಕೊಳವೆ ಕಟ್ಟುವ ಇಟ್ಟಿಗೆಗೇ ಅಂಟಿಕೊಳ್ಳುತ್ತದೆ. ಬಿಚ್ಚಿದ್ದು ಬಿಚ್ಚಿಯೇ ಉಳಿಯುತ್ತದೆ, ಹೊಸದು ಕಟ್ಟುವುದಿಲ್ಲ. ಸುತ್ತ ಸಕ್ಕರೆ ಇದ್ದೂ ಹುಳಕ್ಕೆ ಅದು ಸಿಗುವುದಿಲ್ಲ. ಕೂಡಿಟ್ಟದ್ದು ಮುಗಿದ ಮೇಲೆ ಹಸಿದು ಸಾಯುತ್ತದೆ.

"ಯಂಗಕ್ಕೆ ಆ ಕೊಳವೆ ಇಲ್ಯ?" ಎಂದರು ಅತ್ತೆ. ನನ್ನ ತರಗತಿಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಇದ್ದು ಅತ್ತೆ. ಆದರೆ ನಮ್ಮ ಇಟ್ಟಿಗೆ ಸ್ವಲ್ಪ ಬೇರೆ ನಮೂನಿ. ಔಷಧಿ ಅದಕ್ಕೆ ಅಷ್ಟು ಅಂಟ್ತಿಲ್ಲೆ. ಹುಳದ್ದಕ್ಕೆ ಗಟ್ಟಿ ಅಂಟ್ತು."

"ಹಾಂಗಾರೆ ಅದಕ್ಕೆ ಏಕಾದಶಿ ಮಾಡ್ಸದು."

"ಹೌದು. ಪಾರಣೆ ಇಲ್ಲದ ಏಕಾದಶಿ."

"ಪಾಪ" ಎಂದು ಮಾತ್ರೆ ನುಂಗಿದರು.

ಡಾಕ್ಟರು ಒಂದು ಮಾತು ಹೇಳಿದ್ದರು. ಊಟದ ಜೊತೆಗೆ ಕೊಡಿ, ಜಿಡ್ಡಿನ ಊಟವಿರಲಿ ಎಂದು. ಅದನ್ನು ಅತ್ತೆಗೆ ಹೇಳಿದೆವು. ನಾನು ಬೆಳಿಗ್ಗೆ ಅಡಿಗೆ ಮಾಡಿ, ಮಧ್ಯಾಹ್ನದ ಮಾತ್ರೆಗೆಂದು ಅವರ ಪಾಲಿನ ತುಪ್ಪವನ್ನು ಬಟ್ಟಲಲ್ಲಿ ಹಾಕಿಟ್ಟು ಶಾಲೆಗೆ ಹೋಗುತ್ತಿದ್ದೆ. ಸಂಜೆ ಬಂದು ನೋಡಿದರೆ ಬಟ್ಟಲು ಖಾಲಿ. ನಾನು ನಿಶ್ಚಿಂತಳಾಗಿದ್ದೆ. ಆ ದಿನಗಳಲ್ಲಿ ನಮ್ಮ ದೇವರ ಮನೆಯ ದೀಪ ಎಂದೂ ಇಲ್ಲದಷ್ಟು ಚೆನ್ನಾಗಿ ಉರಿಯುತ್ತಿತ್ತು. ಅದನ್ನೂ ನೋಡಿ ಖುಷಿಪಟ್ಟಿದ್ದೆ. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ವಿಜ್ಞಾನದ ಟೀಚರಿಗೆ ಬರಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಮತ್ತೆ ಹುಬ್ಬಳ್ಳಿ, ಮತ್ತೆ ಸ್ಕ್ಯಾನ್. ಉಂಗುರ ಇದ್ದಲ್ಲೇ ಇತ್ತು, ಚುಕ್ಕೆಯೂ ಇತ್ತು. ನಡುವೆ ಒಮ್ಮೆ ಕೈ ಜಗ್ಗಿದ್ದೂ ಆಗಿತ್ತು. ಇದು ಹೋಗುವವರೆಗೆ ಬೆಂಕಿಯ ಮುಂದೆ ಕೂರಿಸುವ ಮಾತೇ ಬೇಡ ಎಂದು ಡಾಕ್ಟರು ಹೇಳಿದಾಗ ಅತ್ತೆ ತಮ್ಮ ಮುಂಗೈಯ ಸುಟ್ಟ ಕಲೆಯನ್ನು ನೋಡಿಕೊಂಡರು. ಚಳಿಗಾಲ ಬರುವುದಿತ್ತು. ಆಲೆಮನೆಗೆ ಚಿಕ್ಕಮಾವ ಗಾಣ ಸರಿಮಾಡಿಸುತ್ತಿದ್ದರು. ಈ ವರ್ಷವೂ ತಪ್ಪಿದರೆ ಅವರು ಇನ್ನು ಆ ಕೋಲನ್ನು ಹಿಡಿಯುವುದಿಲ್ಲ ಎಂದು ನನಗೆ ಗಟ್ಟಿಯಾಗಿ ಅನ್ನಿಸಿತು. ಜಗುಲಿಯಲ್ಲಿ ಕೂತುಕೂತು ಅವರ ದನಿಯೇ ಸಣ್ಣದಾಗಿತ್ತು.

"ಮಾತ್ರಿ ದಿನಾ ತೊಗೊಂಡೀರಿ ಹೌದಲ್ರಿ ಅಮ್ಮಾರ? ಊಟಕ್ಕ ಏನ್ ಮಾಡ್ತಿದ್ರಿ?" ಎಂದು ಕೇಳಿದರು ಡಾಕ್ಟರು.

ಅತ್ತೆ ನೆಟ್ಟಗೆ ಕೂತರು. "ಮಾತ್ರೆ ಹೊತ್ತಿಗೆ ತಿಳಿಗಂಜಿ. ಉಪ್ಪು. ಬೇರೆ ಎಂತೂ ಮುಟ್ಟಿದ್ನಿಲ್ಲೆ" ಎಂದರು. ಇಷ್ಟು ಒಳ್ಳೆಯ ರೋಗಿ ನಿಮಗೆ ಎಲ್ಲಿ ಸಿಗಬೇಕು ಎನ್ನುವಂತಿತ್ತು ಅವರ ಮುಖ.

ಡಾಕ್ಟರು ಪೆನ್ನು ಕೆಳಗಿಟ್ಟರು. "ಈ ಗುಳಗಿ ನೀರಾಗ ಕರಗಂಗಿಲ್ರಿ ಅಮ್ಮಾರ. ಹೊಟ್ಟ್ಯಾಗಿನ ಹುಳಾ ಇದ್ರ ನಡೀತಿತ್ತು, ಅಲ್ಲೇ ಇರತೈತಿ, ಅಲ್ಲೇ ಕೊಲ್ಲತೈತಿ. ನಿಮ್ಮ ಹುಳಾ ತಲ್ಯಾಗ ಕುಂತೈತಿ. ಅಲ್ಲಿಗೆ ಹೋಗಬೇಕಂದ್ರ ಮೊದಲ ರಕ್ತಕ್ಕ ಸೇರಬೇಕು. ಜಿಡ್ಡು ಇದ್ರ ಅದರ ಜೋಡಿ ಸೇರತೈತಿ. ಇಲ್ಲಂದ್ರ ಬಂದಂಗ ಹೊರಗ ಹೋಗತೈತಿ. ತುಪ್ಪಾ ಹಾಕ್ಕೊಂಡು ಉಣ್ರಿ ಅಂತ ಹೇಳಿರಲಿಲ್ಲೇನ್ರಿ ನಾನು?"

ಅಂದರೆ ಅಷ್ಟೂ ದಿನ ಉಪವಾಸ ಬಿದ್ದವರು ಅತ್ತೆ. ಹುಳ ಸುಖವಾಗಿತ್ತು. ಬಸ್ಸಿನಲ್ಲಿ ವಾಪಸು ಬರುವಾಗ ಮುಂಡಗೋಡು ದಾಟಿದ ಮೇಲೆ ಅತ್ತೆ, "ಔಷಧಿ ಜೊತಿಗೆ ತುಪ್ಪ ತಿನ್ನು ಹೇಳವ ಎಂತಾ ಡಾಕ್ಟ್ರು" ಎಂದರು. ನನ್ನ ಗಂಡ ಬೇಡಿಕೊಂಡರು, ರೇಗಿದರು. ಅತ್ತೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು.

ಮಾರನೆಯ ದಿನ ಭಾನುವಾರ. ಹಿತ್ತಲ ಕಟ್ಟೆಯ ಮೇಲೆ ಅತ್ತೆ ಕೂತಿದ್ದರು. ಒಡೆದ ಗಡಿಗೆಯ ಚೂರುಗಳು ಮೂಲೆಯಲ್ಲಿ ಹಾಗೇ ಬಿದ್ದಿದ್ದವು. ನಾನು ಬಟ್ಟಲಲ್ಲಿ ತುಪ್ಪ ಹಿಡಿದುಕೊಂಡು ಹೋಗಿ ಪಕ್ಕದಲ್ಲಿ ಕೂತೆ. ಹಿಂದಿನ ದಿನದಿಂದ ಯೋಚಿಸಿಟ್ಟುಕೊಂಡದ್ದನ್ನು ಶುರುಮಾಡಿದೆ.

"ಅತ್ತೆ, ತ್ಯಾಗಲಿ ವೈದ್ಯರು ಭಸ್ಮ ಕೊಡಕಾದ್ರೆ ಹಾಂಗೇ ಬಾಯಿಗೆ ಹಾಕ್ಕ ಹೇಳ್ತಿದ್ರನ?"

"ಹಾಂಗೇ ಯಾರು ಕೊಡ್ತ. ಒಂದಕ್ಕೆ ಜೇನು, ಒಂದಕ್ಕೆ ಹಾಲು. ಕೆಲವಕ್ಕೆ ತುಪ್ಪ."

"ಪಥ್ಯದಲ್ಲಿ ತುಪ್ಪ ಬೇಡ ಹೇಳಿ, ಮತ್ತೆ ತುಪ್ಪದಲ್ಲೇ ಕೊಡ್ತಿದ್ರ?"

"ಅದು ಅನುಪಾನ. ಪಥ್ಯ ಬೇರೆ, ಅನುಪಾನ ಬೇರೆ. ಔಷಧಿನ ಎಲ್ಲಿಗೆ ಹೋಗವೋ ಅಲ್ಲಿಗೆ ಕರ್ಕಂಡು ಹೋಗದು ಅನುಪಾನ. ಇಷ್ಟೂ ಗೊತ್ತಿಲ್ಯ ನಿಂಗೆ?"

"ಮತ್ತೆ ಹುಬ್ಬಳ್ಳಿ ಡಾಕ್ಟರು ಹೇಳಿದ್ದು ಎಂತದು?"

ಅತ್ತೆ ನನ್ನ ಮುಖ ನೋಡಿದರು, ಬಟ್ಟಲು ನೋಡಿದರು. "ಹಾಂಗೆ ಹೇಳಕ್ಕಾಗಿತ್ತು ಅವ. ಜಿಡ್ಡು ಹೇಳಿರೆ ಯಾರು ತಿಂತ" ಎಂದರು. ನಾನು ಗೆದ್ದೆ ಎಂದುಕೊಂಡು ಬಟ್ಟಲು ಮುಂದೆ ಹಿಡಿದೆ. ಅವರು ಕೈ ಚಾಚಲಿಲ್ಲ.

"ಪಥ್ಯಕ್ಕೊಂದೇ ಬಿಟ್ಟಿದ್ದಲ್ಲ ಆನು ತುಪ್ಪನ" ಎಂದರು ನಿಧಾನವಾಗಿ. "ಆ ಡಾಕ್ಟ್ರು ಮೊದಲ್ನೇ ಸಲ ಒಳಗೆ ಹೇಳಿದ್ದು ಯಂಗೆ ಕೇಳಿದ್ದು. ಬಾಗಿಲಿಗೆ ಪರದೆ ಒಂದೇ ಇತ್ತು. ಅವನ ದನಿ ನಿಂಗೆ ಗೊತ್ತಿದ್ದಲೆ."

ನಾನು ಬಟ್ಟಲನ್ನು ಕಟ್ಟೆಯ ಮೇಲೆ ಇಟ್ಟೆ.

"ನಿಂಗ ಎಲ್ಲ ಅಷ್ಟು ಕಷ್ಟಪಟ್ಟು ಮುಚ್ಚಿಡ್ತಾ ಇದ್ರಿ. ಗೊತ್ತಿದ್ದು ಹೇಳಿರೆ ಬೇಜಾರು ಮಾಡ್ಕತ್ರಿ ಹೇಳಿ ಸುಮ್ಮನಿದ್ದೆ. ಬೆಂಕಿ ಹತ್ರ ಬೇಡ ಹೇಳಿ ನಿಂಗ ಹೇಳಿದ್ದಕ್ಕೆ ಆನು ದೂರ ಕೂತಿದ್ದಲ್ಲ ತಂಗಿ. ಹಂದಿ ಹೊಕ್ಕ ಮೈಯಲ್ಲಿ ನಾಕು ಜನಕ್ಕೆ ಮಾಡಿ ಬಡಿಸದು ಹ್ಯಾಂಗೆ? ತುಪ್ಪ ಬಿಟ್ಟು ದೇವರಿಗೆ ದೀಪ ಹಚ್ಚಿದ್ದೆ. ಶುದ್ಧ ಆಗ್ಲಿ ಹೇಳಿ."

ನನಗೆ ಅಳು ಬಂತು. ನಾವೆಲ್ಲ ಕೆಮ್ಮಿ, ಛಾವಣಿ ನೋಡಿ, ಹಂದಿಯನ್ನು ದನ ಮಾಡಿ ಕಾಪಾಡಿದ ಗುಟ್ಟಿನೊಳಗೆ ಅವರು ಒಬ್ಬರೇ ಕೂತು ಪ್ರಾಯಶ್ಚಿತ್ತ ಮಾಡಿಕೊಳ್ಳುತ್ತಿದ್ದರು. ಆ ಒಂದು ಶಬ್ದವನ್ನು ಹೇಳಿ, ಅದರ ಅರ್ಥವನ್ನೂ ಹೇಳಿಬಿಟ್ಟಿದ್ದರೆ ಮಾತ್ರೆ ಮೊದಲ ಸಲವೇ ತನ್ನ ಕೆಲಸ ಮಾಡುತ್ತಿತ್ತೋ ಏನೋ.

ಕಣ್ಣೊರೆಸಿಕೊಂಡು, ಇದ್ದಿಲ ಚೂರೊಂದನ್ನು ಎತ್ತಿಕೊಂಡು ಕಟ್ಟೆಯ ಕಲ್ಲಿನ ಮೇಲೆ ಚಿತ್ರ ಬರೆದೆ. ಇಲ್ಲೊಬ್ಬ ಮನುಷ್ಯ, ಅಲ್ಲೊಂದು ಹಂದಿ. ಮನುಷ್ಯನಿಂದ ಹೊರಟ ಮೊಟ್ಟೆಯನ್ನು ಹಂದಿ ತಿನ್ನುತ್ತದೆ. ಮರಿ ಅದರ ಮೈಯಲ್ಲಿ ಗೂಡು ಮಾಡುತ್ತದೆ. ಆ ಮಾಂಸ ತಿಂದ ಮನುಷ್ಯನ ಕರುಳಲ್ಲಿ ಮತ್ತೆ ಹುಳ. ಇಷ್ಟೇ ಅದರ ದಾರಿ. ಅತ್ತೆಯೊಳಗೆ ಬಂದದ್ದು ಹಂದಿಯಿಂದ ಬಂದದ್ದಲ್ಲ, ಯಾವನೋ ಮನುಷ್ಯನಿಂದ ಹೊರಟ ಮೊಟ್ಟೆ. ಹಂದಿಯ ಒಂದು ಕೂದಲೂ ಅದಕ್ಕೆ ಸೋಕಿಲ್ಲ. ಹಂದಿಗೆ ಸೇರಬೇಕಾಗಿದ್ದದ್ದು ಕೊತ್ತಂಬರಿ ಸೊಪ್ಪಿನಲ್ಲಿ ಕೂತು ದಾರಿ ತಪ್ಪಿ ಇಲ್ಲಿಗೆ ಬಂತು.

ಅತ್ತೆ ಚಿತ್ರವನ್ನು ಬಹಳ ಹೊತ್ತು ನೋಡಿದರು. ಬೆರಳನ್ನು ಹಂದಿಯ ಮೇಲೆ ಇಟ್ಟರು.

"ಹಾಂಗಾರೆ ಆನು ಇರದು ಇಲ್ಲಿ."

"ಹೌದು ಅತ್ತೆ."

"ಅಂದ್ರೆ ಆ ಹುಳ ಯನ್ನ ಹಂದಿ ಹೇಳಿ ತಿಳ್ಕಂಡು ಬಂದಿದ್ದು."

ಸುಳ್ಳು ಹೇಳಿ ಆದ ಫಜೀತಿ ಸಾಕಾಗಿತ್ತು. "ಹೌದು" ಎಂದೆ.

"ಕಣ್ಣಿಲ್ಯನ ಅದಕ್ಕೆ?"

"ಇಲ್ಲೆ ಅತ್ತೆ. ಲಾಡಿಹುಳಕ್ಕೆ ಕಣ್ಣಿಲ್ಲೆ."

ಅತ್ತೆಯ ಭುಜ ಕುಲುಕಿತು. ಫಿಟ್ಸೇ ಬಂತೆಂದು ನಾನು ಹಿಡಿದುಕೊಳ್ಳಲು ಹೋದರೆ ಅವರು ನಗುತ್ತಿದ್ದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಕ್ಕು ಮುಗಿದ ಮೇಲೆ, "ಕಣ್ಣಿಲ್ಲದ್ದಕ್ಕೆ ಎಂತಾ ಹೇಳದು" ಎಂದು ಅಂಗೈ ಚಾಚಿದರು. ನಾನು ತುಪ್ಪ ಹಾಕಿದೆ. ತನಗೆ ಗೊತ್ತೆಂದು ಮನೆಯ ಗಂಡಸರಿಗೆ ಹೇಳಬೇಡ, ಬೇಜಾರು ಮಾಡಿಕೊಳ್ಳುತ್ತಾರೆ ಎಂದು ನನ್ನಿಂದ ಮಾತು ತೆಗೆದುಕೊಂಡೇ ಎದ್ದರು.

ಎರಡನೆಯ ಸಲದ ಮಾತ್ರೆಗಳು ಹೀಗೆ ಶುರುವಾದವು. ಅನ್ನ, ತುಪ್ಪ, ಅದರ ಮೇಲೆ ಮತ್ತೆ ತುಪ್ಪ. "ಅನುಪಾನ ಸಾಲ, ಇನ್ನೊಂದು ಚೂರು ಹಾಕು" ಎನ್ನುತ್ತಿದ್ದರು. ಎದುರಿಗೆ ಕೂತ ಮಾವನಿಗೆ ಕೊಲೆಸ್ಟರಾಲ್ ಎಂದು ಡಾಕ್ಟರು ತುಪ್ಪ ಬಿಡಿಸಿದ್ದರು. ತನಗೂ ಒಂದು ಹುಳ ಬರಬಾರದಿತ್ತೇ ಎನ್ನುವ ಮುಖ ಮಾಡಿಕೊಂಡು ಅವರು ಮಜ್ಜಿಗೆ ಅನ್ನ ಕಲೆಸುತ್ತಿದ್ದರು.

ಈ ಸಲ ಔಷಧಿ ತಲೆಗೆ ಸೇರಿತು ಎಂದು ನಮಗೆ ಗೊತ್ತಾದದ್ದು ತಲೆನೋವಿನಿಂದ. ಹುಳ ಬದುಕಿರುವವರೆಗೆ ಮೈಗೆ ಗುರುತು ಸಿಗದ ಹಾಗೆ ಅಡಗಿರುತ್ತದೆ. ಸಾಯತೊಡಗಿದಾಗ ಗೂಡು ಸೋರುತ್ತದೆ, ಮೈಗೆ ಆಗ ಎಚ್ಚರವಾಗಿ ಅಲ್ಲಿಗೆ ನುಗ್ಗಿ ಬಾವು ಮಾಡುತ್ತದೆ. ಬಾವು ಇಳಿಸುವ ಮಾತ್ರೆ ಕೊಟ್ಟದ್ದು ಇದಕ್ಕೇ, ಹುಳಕ್ಕಲ್ಲ, ನಮ್ಮದೇ ಮೈಯ ಸಿಟ್ಟಿಗೆ. ನಾನು ಇದನ್ನೆಲ್ಲ ಬಿಡಿಸಿ ಹೇಳಿದೆ. ಅತ್ತೆ ಹಣೆಗೆ ಬಟ್ಟೆ ಬಿಗಿದು ಮಲಗಿ ಕೇಳಿಸಿಕೊಂಡು, "ಇದ್ದಾಗ ಸುದ್ದಿಲ್ಲೆ, ಹೋಪಕಾದ್ರೆ ರಂಪ" ಎಂದರು. ಹಾಗೆ ರಂಪ ಮಾಡಿ ಇನ್ನೂ ಯಾರು ಯಾರು ಹೋದರು ಎಂದು ನೆಂಟರ ಹೆಸರು ಹೇಳತೊಡಗಿದಾಗ ತಲೆನೋವು ಕಡಿಮೆಯಾಗಿದೆ ಎಂದು ನನಗೆ ಸಮಾಧಾನವಾಯಿತು.

ಮೂರನೆಯ ಸ್ಕ್ಯಾನಿನಲ್ಲಿ ಉಂಗುರ ಇರಲಿಲ್ಲ. ಅದಿದ್ದ ಜಾಗದಲ್ಲಿ ಸುಣ್ಣದ ಸಣ್ಣ ಚುಕ್ಕೆಯೊಂದು ಉಳಿದಿತ್ತು. ಫಿಟ್ಸಿನ ಮಾತ್ರೆ ಇನ್ನೂ ಬಹಳ ಕಾಲ ಬಿಡಬಾರದು, ಒಲೆಯ ಮುಂದೆ ಕೂರುವುದಾದರೆ ಪಕ್ಕದಲ್ಲಿ ಒಬ್ಬರು ಇರಲೇಬೇಕು ಎಂದರು ಡಾಕ್ಟರು. ಅತ್ತೆ ಅವರಿಗೆ, ಮುಂದಿನವರಿಗೆ ಹೇಳುವಾಗ ಜಿಡ್ಡು ಎನ್ನಬೇಡಿ, ಅನುಪಾನ ಎನ್ನಿ ಎಂದು ಸಲಹೆ ಕೊಟ್ಟು ಬಂದರು.

ಆಲೆಮನೆ ಶುರುವಾಯಿತು. ಚಿಕ್ಕಮಾವ ಕ್ಯಾನು ತಂದಿಳಿಸಿದರು. ಹಿತ್ತಲಲ್ಲಿ ಹೊಸ ಗಡಿಗೆ ಬೋರಲು ಬಿತ್ತು. ನನ್ನ ಗಂಡ ಮತ್ತು ಮಾವ ಬೆಂಕಿ ಆರಿಸಲು ಬಂದವರಂತೆ ಎರಡು ಪಕ್ಕದಲ್ಲಿ ನಿಂತರು. ಕಾವಲಿಗೆಂದು ಅತ್ತೆಯ ಬಲಕ್ಕೆ, ಅವರ ಮೊಣಕೈ ತಾಗುವಷ್ಟು ಹತ್ತಿರ, ನಾನು ಕೂತೆ. ಕೋಲು ಹಿಟ್ಟಿನಲ್ಲಿ ಅದ್ದಿತು. ನಾವು ನಾಲ್ವರೂ ಉಸಿರು ಹಿಡಿದಿದ್ದೆವು. ಒಂದೇ ಎಳೆತ. ಗಡಿಗೆಯ ಬೆನ್ನು ತುಂಬ ಹಿಟ್ಟು ಹರಡಿತು, ಅಂಚು ಎದ್ದಿತು, ಅತ್ತೆ ಎರಡು ಬೆರಳಲ್ಲಿ ಹಿಡಿದು ಎತ್ತಿ ಬೆಳಕಿಗೆ ಹಿಡಿದರು. ಅದರಾಚೆ ಚಿಕ್ಕಮಾವನ ಮುಖ ಕಾಣುತ್ತಿತ್ತು. ಮೊದಲನೆಯದನ್ನು ದೇವರಿಗೆಂದು ಬಾಳೆ ಎಲೆಯ ಮೇಲೆ ಇಟ್ಟರು.

ಎರಡನೆಯದಕ್ಕೆ ಕೋಲು ಅದ್ದುತ್ತ, ತಲೆ ಎತ್ತದೆ, ಮೊದಲಿನ ದೊಡ್ಡ ದನಿಯಲ್ಲಿ ಕೇಳಿದರು: "ತಮಾ, ಈ ವರ್ಷ ಕಬ್ಬಿಗೆ ಹಂದಿ ಕಾಟ ಹ್ಯಾಂಗಿದ್ದು?"

ಮಾವ ಕೆಮ್ಮಲು ಬಾಯಿ ತೆರೆದವರು ಹಾಗೇ ನಿಂತರು. ಚಿಕ್ಕಮಾವ ಅಣ್ಣನನ್ನು ನೋಡಿದರು. ನನ್ನ ಗಂಡ ನನ್ನನ್ನು ನೋಡಿದರು. ನಾನು ಡಬ್ಬಿಯ ಮುಚ್ಚಳ ನೋಡುತ್ತಿದ್ದೆ.

"ಇದ್ದು ಅತ್ತಿಗೆ" ಎಂದರು ಚಿಕ್ಕಮಾವ ಕೊನೆಗೆ. "ದನಕ್ಕಿಂತ ಜಾಸ್ತಿ ಇದ್ದು."

"ಇರ್ಲಿ ಬಿಡು" ಎಂದರು ಅತ್ತೆ ಗಡಿಗೆಯ ಮೇಲೆ ಕೋಲು ಎಳೆಯುತ್ತ. "ಅವೂ ಯನ್ನ ಹಾಂಗೇ, ಎಂತದು ಹೇಳಿ ಗೊತ್ತಿಲ್ದೇ ತಿಂತ."

ಎದ್ದ ಹಾಳೆಯನ್ನು ಮಡಚಿ ನನ್ನ ಕೈಗಿತ್ತರು, ತುಪ್ಪದ ಬಟ್ಟಲನ್ನು ಈಚೆ ಸರಿಸಿದರು. ಆಮೇಲೆ ಕೋಲನ್ನೂ ನನ್ನ ಕಡೆ ಹಿಡಿದು, "ಕಾವಲಿಗೆ ಹೇಳಿ ಸುಮ್ಮನೆ ಎಂತಕ್ಕೆ ಕೂತ್ಕಂಡಿದ್ದೆ, ಹಿಡಿ" ಎಂದರು.